ಆಶಾ ಅಕ್ಕ ಬಂದಾಗ ‘ಬ್ಯಾಡ’ ಅಂತೀವಿ ಯಾಕ?

ಬೆಳಗಿನ ಹೊತ್ತು. ಕಕ್ಕೇರಾ ಸಮೀಪದ ಒಂದು ದೊಡ್ಡಿ. ಮನೆಯ ಮುಂದೆ ಆಶಾ ಅಕ್ಕ ಬಂದು ನಿಂತಿದ್ದಾಳೆ. ಹೆಗಲಿಗೆ ಚೀಲ. ಕೈಯಲ್ಲಿ ವಹಿ.

“ಯವ್ವಾ, ಸೊಸಿ ಎಲ್ಲಿ? ನಾಳಿ ಕೂಸಿಗಿ ಸೂಜಿ ಅದ. ಅಂಗನವಾಡಿಗಿ ಕರಕೊಂಡು ಬರ್ರಿ.”

ಒಳಗಿಂದ ಅತ್ತೆಯ ದನಿ ಬರುತ್ತದೆ.

“ಬ್ಯಾಡ ತಂಗಿ. ಹೋದ ಸಲ ಹಾಕ್ಸಿದ್ವಿ. ಮೈ ಕಾದು ಕೂಸು ಎರಡು ದಿನ ಅತ್ತಿದ್ದೇ ಅತ್ತಿದ್ದು. ಮನ್ಯಾಗ ಯಾರೂ ಕಣ್ಣು ಮುಚ್ಚಿಲ್ಲ. ಚಲೋ ಇದ್ದ ಕೂಸಿಗಿ ಸೂಜಿ ಯಾಕ?”

ಆಶಾ ಅಕ್ಕ ಮತ್ತೊಂದು ಮಾತು ಆಡುವುದರೊಳಗೆ ಅತ್ತೆ ಹಿತ್ತಲ ಕಡೆ ಹೋಗಿರುತ್ತಾಳೆ. ಸೊಸೆ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಾಳೆ. ಮಾತಾಡುವುದಿಲ್ಲ.

ಇಂಥ ಮಾತು ನಾವೆಲ್ಲ ಕೇಳಿದ್ದೇವೆ. ನಾವೂ ಆಡಿದ್ದೇವೆ. ‘ನಾಳೆ ಬರ್ತೀವಿ’ ಅಂತ ಹೇಳಿ ಹೋಗದೇ ಇದ್ದೇವೆ. ಆಗ ಕೆಲವರು ಅನ್ನುತ್ತಾರೆ, ‘ಇವರು ತಿಳಿವಳಿಕೆ ಇಲ್ಲದ ಮಂದಿ’ ಅಂತ. ಆ ಮಾತು ನಮಗೆ ಒಪ್ಪಿಗೆ ಇಲ್ಲ. ಬ್ಯಾಡ ಅನ್ನುವವರ ಹತ್ತಿರ ಒಂದು ಕಾರಣ ಇರುತ್ತದೆ. ಮನೆಗೊಂದು ಕಾರಣ. ಅದನ್ನು ಯಾರೂ ಕೇಳುವುದಿಲ್ಲ. ನಾವೂ ಬಾಯಿ ಬಿಟ್ಟು ಹೇಳುವುದಿಲ್ಲ. ಕೂಸಿಗೆ ಮಾತ್ರ ಸೂಜಿ ತಪ್ಪುತ್ತದೆ.

ಈ ಅತ್ತೆಯ ಮಾತನ್ನೇ ಮೊದಲು ನೋಡೋಣ. ‘ಚಲೋ ಇದ್ದ ಕೂಸಿಗಿ ಸೂಜಿ ಯಾಕ?’ ಇದು ದಡ್ಡ ಪ್ರಶ್ನೆ ಅಲ್ಲ. ಒಳ್ಳೆಯ ಪ್ರಶ್ನೆ.

ಜ್ವರ ಬಂದಾಗ ಗುಳಿಗೆ ನುಂಗುತ್ತೇವೆ. ಜ್ವರ ಇಳಿಯುತ್ತದೆ. ಗುಳಿಗೆಯ ಗುಣ ನಮಗೆ ಕಾಣುತ್ತದೆ. ಲಸಿಕೆಯ ಗುಣ ಹಾಗೆ ಕಾಣುವುದಿಲ್ಲ. ಬರಬೇಕಾದ ರೋಗ ಬರಲಿಲ್ಲ ಅಂದರೆ ಅದನ್ನು ಯಾರು ನೋಡುತ್ತಾರೆ? ಕಣ್ಣಿಗೆ ಕಾಣುವುದು ಎರಡು ದಿನದ ಜ್ವರ, ಕೂಸಿನ ಅಳು, ನಿದ್ದೆಗೆಟ್ಟ ರಾತ್ರಿ. ನಷ್ಟ ಎದುರಿಗೆ ಇರುತ್ತದೆ. ಲಾಭ ಕಾಣುವುದಿಲ್ಲ.

ಆದರೆ ನಮ್ಮ ಹೊಲದಲ್ಲಿ ಇಂಥ ಕೆಲಸ ನಾವು ಮಾಡುತ್ತೇವೆ. ಜೋಳ ಬಿತ್ತುವ ಮೊದಲು ಬೀಜಕ್ಕೆ ಗಂಧಕದ ಪುಡಿ ಹಚ್ಚುತ್ತಾರೆ. ಬೀಜ ಚಲೋ ಇರುತ್ತದೆ. ಅದಕ್ಕೆ ಯಾವ ರೋಗವೂ ಕಾಣುವುದಿಲ್ಲ. ಆದರೂ ಯಾಕೆ ಹಚ್ಚುತ್ತಾರೆ? ಹಚ್ಚದಿದ್ದರೆ ತೆನೆಗೆ ಕಾಡಿಗೆ ರೋಗ ಬೀಳುತ್ತದೆ. ಕಾಳು ಇರಬೇಕಾದ ಕಡೆ ಕರಿ ಪುಡಿ ತುಂಬುತ್ತದೆ. ತೆನೆ ಬಂದ ಮೇಲೆ ಔಷಧ ಹೊಡೆದರೆ ಉಪಯೋಗ ಇಲ್ಲ. ಮೊದಲೇ ಹಚ್ಚಬೇಕು. ಕೂಸಿನ ಸೂಜಿಯೂ ಹಾಗೆಯೇ. ರೋಗ ಬಂದ ಮೇಲೆ ಹಾಕಿಸಿದರೆ ಹೊತ್ತು ಮೀರಿರುತ್ತದೆ.

ಇನ್ನು ಜ್ವರದ ಮಾತು. ಕೂಸಿಗೆ ಒಂದೂವರೆ ತಿಂಗಳು, ಎರಡೂವರೆ ತಿಂಗಳು, ಮೂರೂವರೆ ತಿಂಗಳು ಆದಾಗ ತೊಡೆಗೆ ಒಂದು ಸೂಜಿ ಹಾಕುತ್ತಾರೆ. ಅದು ಐದು ರೋಗ ತಡೆಯುವ ಸೂಜಿ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಅದರಲ್ಲಿ ಮೂರು. ನಮ್ಮ ಉತ್ತರ ಕರ್ನಾಟಕದಲ್ಲಿ ಗಂಟಲಮಾರಿ ಇನ್ನೂ ಪೂರ್ತಿ ಹೋಗಿಲ್ಲ. ಅದು ಬಂದ ಕೂಸಿಗೆ ಗಂಟಲಲ್ಲಿ ಪೊರೆ ಕಟ್ಟುತ್ತದೆ. ಉಸಿರು ಕಟ್ಟಿ ಜೀವ ಹೋಗಬಹುದು.

ಲಸಿಕೆ ಮೈಯೊಳಗೆ ಹೋದಾಗ ಮೈ ಅದನ್ನು ಶತ್ರು ಅಂತ ತಿಳಿಯುತ್ತದೆ. ಅದರ ಜೊತೆ ಹೋರಾಡಲು ಕಲಿಯುತ್ತದೆ. ಹಾಗೆ ಕಲಿಯುವಾಗ ಮೈ ಬಿಸಿ ಆಗುತ್ತದೆ. ಸೂಜಿ ಹಾಕಿದ ಜಾಗ ಬಾಯುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಎಲ್ಲ ಕೂಸಿಗೂ ಜ್ವರ ಬರುವುದಿಲ್ಲ. ಬರದಿದ್ದರೂ ಲಸಿಕೆ ಕೆಲಸ ಮಾಡುತ್ತದೆ. ಜ್ವರಕ್ಕೆ ಏನು ಕೊಡಬೇಕು, ಎಷ್ಟು ಕೊಡಬೇಕು ಅನ್ನುವುದನ್ನು ಸಿಸ್ಟರ್ ಹತ್ತಿರ ಅಲ್ಲಿಯೇ ಕೇಳಿಕೊಂಡು ಬರಬೇಕು. ಎದೆಹಾಲು ಬಿಡಿಸಬಾರದು. ಜ್ವರ ಎರಡು ದಿನ ದಾಟಿದರೆ, ಕೂಸಿಗೆ ಫಿಟ್ಸ್ ಬಂದರೆ, ಉಸಿರು ಕಷ್ಟ ಆದರೆ ಕೂಡಲೇ ದವಾಖಾನೆಗೆ ಹೋಗಬೇಕು. ಹಾಗೆ ಆಗುವುದು ಬಹಳ ಅಪರೂಪ.

ಇಷ್ಟು ಮಾತನ್ನು ಸೂಜಿ ಹಾಕುವ ಮೊದಲೇ ಹೇಳಿದ್ದರೆ? ಆ ಮನೆಯ ಅತ್ತೆ ರಾತ್ರಿ ಎಲ್ಲಾ ಹೆದರುತ್ತಿರಲಿಲ್ಲ. ‘ಜ್ವರ ಬರ್ತದ ಅಂದಿದ್ರು, ಬಂತು’ ಅಂತಿದ್ದಳು. ಹೇಳದೇ ಬಂದ ಜ್ವರ ಹೆದರಿಕೆ ತರುತ್ತದೆ. ಇದು ಆ ಅತ್ತೆಯ ತಪ್ಪಲ್ಲ. ಗದ್ದಲದಲ್ಲಿ ಸೂಜಿ ಹಾಕಿ ‘ಮುಂದಿನವರು ಬರ್ರಿ’ ಅಂದವರದೂ ಪಾಲು ಇದೆ.

ಬಸುರಿಯರು ಬ್ಯಾಡ ಅನ್ನುವ ಇನ್ನೊಂದು ವಸ್ತು ಅಂದರೆ ಕಬ್ಬಿಣದ ಗುಳಿಗೆ. ಕೊಟ್ಟಾಗ ತೆಗೆದುಕೊಳ್ಳುತ್ತೇವೆ. ಮನೆಗೆ ತಂದು ಜಂತಿಯಲ್ಲಿ ಸಿಕ್ಕಿಸುತ್ತೇವೆ. ಅಲ್ಲಿಯೇ ಉಳಿಯುತ್ತದೆ. ‘ನುಂಗಿದಿ?’ ಅಂತ ಕೇಳಿದರೆ ‘ಹೂಂ’ ಅಂತೀವಿ. ಬಾಯಿಂದ ಬ್ಯಾಡ ಅನ್ನುವುದಿಲ್ಲ. ಆದರೆ ಇದೂ ಬ್ಯಾಡ ಅಂದಂತೆಯೇ.

ಯಾಕೆ ನುಂಗುವುದಿಲ್ಲ? ಹೊಟ್ಟೆ ತೊಳಸುತ್ತದೆ. ಮಲ ಕಟ್ಟುತ್ತದೆ. ಮಲ ಕಪ್ಪಗೆ ಹೋಗುತ್ತದೆ, ನೋಡಿದರೆ ಎದೆ ಝಲ್ ಅನ್ನುತ್ತದೆ. ‘ಗುಳಿಗಿ ನುಂಗಿದ್ರ ಕೂಸು ಕರ್ರಗ ಆಗ್ತದ’ ಅಂತ ಒಬ್ಬರು ಅನ್ನುತ್ತಾರೆ. ‘ಕೂಸು ದಪ್ಪ ಆಗಿ ಹೆರಿಗಿ ಕಷ್ಟ ಆಗ್ತದ’ ಅಂತ ಮತ್ತೊಬ್ಬರು.

ಈ ಕಡೆಯ ಮಾತು ನಮ್ಮ ಭಾಗದ್ದು ಮಾತ್ರ ಅಲ್ಲ. ಮಾರ್ಕ್ ನಿಕ್ಟರ್ ಅನ್ನುವ ಅಮೆರಿಕದ ಸಂಶೋಧಕರು 1970ರ ದಶಕದಲ್ಲಿ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಇದ್ದರು. ಅಲ್ಲಿನ ಹೆಂಗಸರೂ ಹೀಗೆಯೇ ಹೇಳುವುದನ್ನು ಅವರು ಬರೆದಿದ್ದಾರೆ. ಕೂಸು ಸಣ್ಣದಿದ್ದರೆ ಹೆರಿಗೆ ಹಗುರ ಅಂತ ಅಲ್ಲಿ ನಂಬಿದ್ದರು. ಅದಕ್ಕೆ ಊಟವನ್ನೂ ಕಡಿಮೆ ಮಾಡುತ್ತಿದ್ದರು. ಯೋಚನೆ ಮಾಡಿ. ದವಾಖಾನೆ ದೂರ ಇದ್ದ ಕಾಲ. ಹೆರಿಗೆಯಲ್ಲಿ ಅಡ್ಡಿ ಬಂದರೆ ತಾಯಿ ಉಳಿಯುವುದೇ ಕಷ್ಟ. ಅಂಥ ಕಾಲದಲ್ಲಿ ನಮ್ಮ ಅಜ್ಜಿ, ಮುತ್ತಜ್ಜಿಯರು ಜೀವ ಉಳಿಸಿಕೊಳ್ಳಲು ಕಂಡುಕೊಂಡ ಉಪಾಯ ಅದು. ಉಪಾಯ ತಪ್ಪು. ಹೆದರಿಕೆ ಮಾತ್ರ ನಿಜವಾದದ್ದು.

ಉಪಾಯ ಯಾಕೆ ತಪ್ಪು ಅಂದರೆ, ಕಬ್ಬಿಣದ ಗುಳಿಗೆ ಕೂಸಿನ ಬಣ್ಣ ಬದಲಿಸುವುದಿಲ್ಲ. ಬಣ್ಣ ತಂದೆ ತಾಯಿಯಿಂದ ಬರುತ್ತದೆ. ಮೈಗೆ ಹತ್ತದೆ ಉಳಿದ ಕಬ್ಬಿಣ ಮಲದಲ್ಲಿ ಹೊರಗೆ ಹೋಗುತ್ತದೆ, ಅದಕ್ಕೆ ಮಲ ಕಪ್ಪು. ಗುಳಿಗೆ ಹೆಚ್ಚಿಸುವುದು ತಾಯಿಯ ರಕ್ತವನ್ನು. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ. ಮೈಯಲ್ಲಿ ರಕ್ತ ಚಲೋ ಇದ್ದವಳು ತಾಳಿಕೊಳ್ಳುತ್ತಾಳೆ. ಇಲ್ಲದವಳು ಸ್ವಲ್ಪ ರಕ್ತ ಹೋದರೂ ಕುಸಿಯುತ್ತಾಳೆ. ನಮ್ಮ ಮನೆಗಳಲ್ಲಿ ಬಾಣಂತಿ ಸತ್ತ ಕಥೆ ಯಾರಿಗೆ ಗೊತ್ತಿಲ್ಲ?

ರಕ್ತ ಎಷ್ಟು ಇದೆ ಅಂತ ಬೆರಳ ತುದಿಯ ಒಂದು ಹನಿಯಿಂದ ತಿಳಿಯುತ್ತದೆ. ಬಸುರಿಗೆ 11 ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ರಕ್ತ ಕಡಿಮೆ ಅಂತ ಅರ್ಥ. 7ಕ್ಕಿಂತ ಕೆಳಗೆ ಇಳಿದರೆ ಅಪಾಯ, ದೊಡ್ಡ ದವಾಖಾನೆಗೆ ಹೋಗಬೇಕು. 2019ರಿಂದ 2021ರವರೆಗೆ ಸರಕಾರ ದೇಶದ ತುಂಬ ಮನೆ ಮನೆಗೆ ಹೋಗಿ ಸಮೀಕ್ಷೆ ಮಾಡಿತು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತ ಕಡಿಮೆ ಇತ್ತು. ಅಂದರೆ ಹತ್ತಿ ಬಿಡಿಸಲು ಹತ್ತು ಮಂದಿ ಹೋದರೆ ಅದರಲ್ಲಿ ಐದು ಮಂದಿ. ದಣಿವು ಅಂತ ನಾವು ಅನ್ನುವುದು ಎಷ್ಟೋ ಸಲ ಇದೇ.

ಬಸುರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಗುಳಿಗೆ, 180 ದಿನ. ಹೆರಿಗೆ ಆದ ಮೇಲೂ 180 ದಿನ. ಹೊಟ್ಟೆ ತೊಳಸಿದರೆ ರಾತ್ರಿ ಊಟ ಆದ ಮೇಲೆ ನುಂಗಿ ಮಲಗಬೇಕು. ಚಹಾದ ಜೊತೆ ಬ್ಯಾಡ. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಸುಣ್ಣದ ಗುಳಿಗೆ, ಅಂದರೆ ಕ್ಯಾಲ್ಸಿಯಂ ಗುಳಿಗೆಯನ್ನೂ ಅದೇ ಹೊತ್ತಿಗೆ ನುಂಗಬಾರದು. ಊಟದಲ್ಲಿ ಲಿಂಬೆ ಹಿಂಡಿಕೊಂಡರೆ ಒಳ್ಳೆಯದು. ಇಷ್ಟಾದರೂ ತಡೆಯದಿದ್ದರೆ ಜಂತಿಯಲ್ಲಿ ಇಡಬೇಡಿ. ‘ಅಕ್ಕಾ, ನನಗ ತಡಿಯಾಂಗಿಲ್ಲ’ ಅಂತ ಬಾಯಿ ಬಿಟ್ಟು ಹೇಳಿ. ಬೇರೆ ದಾರಿ ಇರುತ್ತದೆ.

ಕೆಲವರಿಗೆ ಹೆದರಿಕೆಯೂ ಇಲ್ಲ, ಅನುಮಾನವೂ ಇಲ್ಲ. ಪುರಸೊತ್ತೇ ಇಲ್ಲ. ತೊಗರಿ ಕೊಯ್ಲು ಬಂದಿರುತ್ತದೆ. ಹತ್ತಿ ಒಡೆದಿರುತ್ತದೆ. ದೊಡ್ಡಿಯಿಂದ ದವಾಖಾನೆಗೆ ನಡೆದು ಹೋಗಿ, ಸಾಲಿನಲ್ಲಿ ಕುಳಿತು, ತಿರುಗಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂತು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ರೊಕ್ಕ ಇಲ್ಲ. ಆದರೆ ಆ ದಿನದ ಕೂಲಿಯನ್ನು ಯಾರು ಕೊಡುತ್ತಾರೆ? ಬಸ್ಸು ಬಾರದ ದೊಡ್ಡಿಯವರು ಏನು ಮಾಡಬೇಕು?

ದುಡಿಯಲು ಬೆಂಗಳೂರಿಗೆ ಹೋದವರ ಕಷ್ಟ ಇನ್ನೊಂದು ಥರ. ಕೂಸನ್ನು ಕಟ್ಟಿಕೊಂಡು ಹೋಗುತ್ತಾರೆ. ಕಟ್ಟಡದ ಕೆಲಸ, ತಗಡಿನ ಶೆಡ್ಡು. ಇಲ್ಲಿಯ ಆಶಾ ಅಕ್ಕನ ವಹಿಯಲ್ಲಿ ‘ಊರಲ್ಲಿ ಇಲ್ಲ’ ಅಂತ ಬರೆಯುತ್ತಾರೆ. ಅಲ್ಲಿಯ ವಹಿಯಲ್ಲಿ ಇವರ ಹೆಸರೇ ಇಲ್ಲ. ಇವರು ಬ್ಯಾಡ ಅಂದವರಲ್ಲ. ಆದರೂ ಕೂಸಿಗೆ ಸೂಜಿ ತಪ್ಪುತ್ತದೆ. ಇವರಿಗೆ ಒಂದು ಮಾತು ಗೊತ್ತಿರಬೇಕು. ತಾಯಿ ಕಾರ್ಡು ಎಲ್ಲಿಗೆ ಹೋದರೂ ನಡೆಯುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಬೇಕು. ಯಾವ ಊರಿನ ಸರಕಾರಿ ದವಾಖಾನೆಯಲ್ಲಾದರೂ ಕೂಸಿಗೆ ಸೂಜಿ ಹಾಕುತ್ತಾರೆ, ರೊಕ್ಕ ಇಲ್ಲ. ತಾರೀಖು ದಾಟಿದ್ದರೂ ಹೋಗಿ ಕೇಳಿ. ಕಾರ್ಡಿನಲ್ಲಿ ಯಾವ ಖಾನೆ ಖಾಲಿ ಇದೆ ಅಂತ ಈಗ ನಾವೇ ಓದಬಹುದಲ್ಲ!

ಮನೆಯಲ್ಲಿ ಮಂದಿ ಇನ್ನೊಂದು ಮಾತು ಆಡುತ್ತಾರೆ. ‘ಸರಕಾರದವರು ಇಷ್ಟು ಬೆನ್ನು ಹತ್ತಿ ಪುಕ್ಕಟೆ ಕೊಡ್ತಾರಂದ್ರ ಅದರಾಗ ಏನೋ ಅದ.’ ಈ ಅನುಮಾನ ಹಳೆಯದು. ಅದು ಎಲ್ಲಿಂದ ಬಂತು ಅಂತ ತಿಳಿಯಬೇಕು.

1975ರಿಂದ 1977ರವರೆಗೆ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ಆಗ ಮಕ್ಕಳಾಗದ ಆಪರೇಷನ್ ಮಾಡಿಸಲು ಸರಕಾರ ಬಹಳ ಒತ್ತಾಯ ಮಾಡಿತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಮಂದಿಗೆ ಆಪರೇಷನ್ ಆಯಿತು. ಅದರಲ್ಲಿ ಗಂಡಸರೇ ಹೆಚ್ಚು. ಉತ್ತರದ ರಾಜ್ಯಗಳಲ್ಲಿ ಮಂದಿಯನ್ನು ಹಿಡಿದು ತಂದು ಮಾಡಿದ್ದೂ ಉಂಟು. ಆಮೇಲೆ ಎಷ್ಟೋ ವರ್ಷ ದವಾಖಾನೆಯ ಜೀಪು ಕಂಡರೆ ಮಂದಿ ಹೆದರಿದರು. ಒಮ್ಮೆ ಒತ್ತಾಯ ಮಾಡಿದರೆ ನಂಬಿಕೆ ಹೋಗುತ್ತದೆ. ಮುಂದೆ ಒಳ್ಳೆಯದನ್ನು ಕೊಟ್ಟರೂ ಮಂದಿ ಕೈ ಹಿಂದೆ ಎಳೆಯುತ್ತಾರೆ.

ಅದಕ್ಕೆ ಈಗ ಕಾನೂನಿನ ಮಾತೂ ಇದೆ. ಕೊರೊನಾ ಕಾಲದಲ್ಲಿ ಲಸಿಕೆಯ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಮೇ 2ರಂದು ಕೋರ್ಟು ತೀರ್ಪು ಕೊಟ್ಟಿತು. ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ ಅಂದಿತು. ಅದೇ ತೀರ್ಪು, ಲಸಿಕೆ ಕೊಡುವ ಸರಕಾರದ ಕೆಲಸ ತಪ್ಪು ಅನ್ನಲಿಲ್ಲ. ಅಂದರೆ ನಮ್ಮ ಮೈ ನಮ್ಮದು. ಕೇಳುವ ಹಕ್ಕು ನಮಗಿದೆ. ತಿಳಿಸಿ ಹೇಳುವ ಕೆಲಸ ಅವರದು.

‘ಇಕಿಗಿ ರೊಕ್ಕ ಬರ್ತದ, ಅದಕ್ಕ ಬಾಗಿಲಿಗಿ ಬರ್ತಾಳ’ ಅಂತ ಆಶಾ ಅಕ್ಕನ ಮೇಲೂ ಮಾತು ಬರುತ್ತದೆ. ಹೌದು, ಬರುತ್ತದೆ. ತಿಂಗಳಿಗೆ ಗೌರವಧನ, ಕೆಲಸಕ್ಕೆ ಇಷ್ಟು ಅಂತ ಸ್ವಲ್ಪ. ಕಾಯಂ ನೌಕರಿಯಲ್ಲ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತದ್ದು ಈ ಗೌರವಧನ ಹೆಚ್ಚಿಸಿ ಅಂತಲೇ. ದುಡಿದವಳಿಗೆ ರೊಕ್ಕ ಬಂದರೆ ಅದರಲ್ಲಿ ತಪ್ಪೇನು? ನಾವು ಹತ್ತಿ ಬಿಡಿಸಿದರೆ ಕೂಲಿ ಕೇಳುವುದಿಲ್ಲವೆ?

ಈಗ ಮೊಬೈಲಿನ ಸುದ್ದಿ ಬೇರೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು. ದಡಾರ ಅಂದರೆ ನಾವು ಗೊಬ್ಬರ ಅನ್ನುವ ರೋಗ. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲಿ ಲಸಿಕೆ ಹಾಕಿದರು. ಆಗ ಲಸಿಕೆ ಕೆಟ್ಟದ್ದು ಅಂತ ವಾಟ್ಸಪ್ಪಿನಲ್ಲಿ ಸುಳ್ಳು ಸುದ್ದಿ ಓಡಾಡಿತು. ಹೆದರಿದ ಕೆಲವು ತಾಯಂದಿರು ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡರು. ರುಬೆಲ್ಲಾ ಬಸುರಿಗೆ ಬಂದರೆ ಹುಟ್ಟುವ ಕೂಸಿಗೆ ಕಣ್ಣು, ಕಿವಿ, ಹೃದಯದ ತೊಂದರೆ ಆಗುತ್ತದೆ. ಇಂದು ಹುಡುಗಿಗೆ ಹಾಕಿದ ಸೂಜಿ ನಾಳೆ ಅವಳ ಹೊಟ್ಟೆಯ ಕೂಸನ್ನು ಕಾಯುತ್ತದೆ. ಈ ಮಾತನ್ನು ವಾಟ್ಸಪ್ಪಿನಲ್ಲಿ ಯಾರೂ ಕಳಿಸಲಿಲ್ಲ.

ಬ್ಯಾಡ ಅನ್ನುವುದು ಬಡವರು, ಓದದವರು ಮಾತ್ರ ಅಂತ ತಿಳಿಯಬೇಡಿ. ಅರಮನೆಯಲ್ಲೂ ಈ ಪ್ರಶ್ನೆ ಇತ್ತು. ನಮ್ಮ ಹಿರಿಯರು ಸಿಡುಬಿಗೆ ದೇವಿ ಅನ್ನುತ್ತಿದ್ದರು. ಅದರ ಲಸಿಕೆಗೆ ‘ದೇವಿ ಹಾಕೂದು’ ಅನ್ನುತ್ತಿದ್ದರು. ಅಜ್ಜಿಯರ ತೋಳಿನ ಮೇಲೆ ಅದರ ದುಂಡನೆಯ ಕಲೆ ಈಗಲೂ ಕಾಣುತ್ತದೆ. ಆ ಲಸಿಕೆ ನಮ್ಮ ದೇಶಕ್ಕೆ ಬಂದದ್ದು 1802ರಲ್ಲಿ. ಆಗ ಶೀಶೆ, ಐಸ್ ಪೆಟ್ಟಿಗೆ ಇರಲಿಲ್ಲ. ಒಬ್ಬರ ತೋಳಿನ ಗುಳ್ಳೆಯ ನೀರು ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತಿದ್ದರು. ಯಾವ ಜಾತಿಯವರ ಮೈಯಿಂದ ಬಂತೋ ಅಂತ ಮಂದಿ ಹಿಂದೆ ಸರಿದರು. ದೇವಿಗೆ ಸಿಟ್ಟು ಬರುತ್ತದೆ ಅಂತ ಹೆದರಿದರು. 1805ರ ಸುಮಾರಿಗೆ ಬರೆದ ಒಂದು ಚಿತ್ರ ಇದೆ. ಅದರಲ್ಲಿ ಮೈಸೂರು ಅರಮನೆಯ ಮೂವರು ರಾಣಿಯರು ಇದ್ದಾರೆ. ಒಬ್ಬಳು ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳು ತೋರಿಸುತ್ತಿದ್ದಾಳೆ. ಅವಳು ದೇವಾಜಮ್ಮಣ್ಣಿ ಅಂತ ಇತಿಹಾಸಕಾರರು ಹೇಳುತ್ತಾರೆ. ರಾಣಿಯೇ ಹಾಕಿಸಿಕೊಂಡಳು ಅಂದರೆ ಮಂದಿ ಧೈರ್ಯ ಮಾಡುತ್ತಾರೆ ಅಂತ ಆ ಚಿತ್ರ ಬರೆಸಿದರು ಅಂತ ಅವರ ಅಭಿಪ್ರಾಯ. ಅಂಗಳಕ್ಕೂ ಬಾರದ ರಾಣಿಯರ ತೋಳನ್ನು ಪರದೇಶದ ಚಿತ್ರಗಾರ ಬರೆದ ಅಂದರೆ ಸಣ್ಣ ಮಾತಲ್ಲ!

ಆಮೇಲೆ ಬಹಳ ವರ್ಷ ಹಿಡಿಯಿತು. 1975ರಲ್ಲಿ ನಮ್ಮ ದೇಶದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡರು. 1980ರಲ್ಲಿ ಇಡೀ ಜಗತ್ತಿನಿಂದಲೇ ಸಿಡುಬು ಹೋಯಿತು ಅಂತ ಸಾರಿದರು. ಪೋಲಿಯೊ ಕಥೆಯೂ ಹಾಗೆಯೇ. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಅಂತ ಉತ್ತರದ ಕಡೆ ಸುದ್ದಿ ಹಬ್ಬಿತ್ತು. ಕಾರ್ಯಕರ್ತೆಯರು ಮತ್ತೆ ಮತ್ತೆ ಅದೇ ಬಾಗಿಲಿಗೆ ಹೋದರು. ದೇಶದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ.

ಇನ್ನು ಹೆಂಗಸರಾದ ನಾವು ಬಾಯಿ ಬಿಟ್ಟು ಹೇಳದ ಕಾರಣ ಒಂದಿದೆ. ನಾಚಿಕೆ. ಜೊತೆಗೆ, ಏನು ಬರುತ್ತದೋ ಅನ್ನುವ ದಿಗಿಲು. ‘ಇಲ್ಲದ ರೋಗ ಯಾಕ ಹುಡುಕೂದು?’ ಅಂತ ಸುಮ್ಮನಿರುತ್ತೇವೆ. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರ್ ಅದೇ ಕಾರಣಕ್ಕೆ ನಮ್ಮನ್ನು ಕೊಲ್ಲುತ್ತದೆ. ಅದು ಒಂದೇ ದಿನದಲ್ಲಿ ಬರುವುದಿಲ್ಲ. ಮೊದಲು ಸಣ್ಣ ಬದಲಾವಣೆ ಆಗುತ್ತದೆ. ಕ್ಯಾನ್ಸರ್ ಆಗಲು ಹಲವು ವರ್ಷ ಬೇಕು. ಅಷ್ಟರಲ್ಲಿ ಕಂಡುಹಿಡಿದರೆ ಸಣ್ಣ ಚಿಕಿತ್ಸೆಯಲ್ಲೇ ಮುಗಿಯುತ್ತದೆ. 30 ವರ್ಷ ದಾಟಿದವರು ತಪಾಸಣೆ ಮಾಡಿಸಬೇಕು. ಒಂದು ಔಷಧ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ನೋಡುತ್ತಾರೆ. ಕೊಯ್ಯುವುದಿಲ್ಲ. ‘ನನ್ನನ್ನು ಹೆಂಗಸರೇ ನೋಡಬೇಕು’ ಅಂತ ಕೇಳಬಹುದು. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಈ ತಪಾಸಣೆಯ ಲೆಕ್ಕವೂ ಇದೆ. ದೇಶದಲ್ಲಿ 30ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಇದನ್ನು ಮಾಡಿಸಿದವರು ಇಬ್ಬರೂ ತುಂಬುವುದಿಲ್ಲ. ಎಲ್ಲರೂ ಬ್ಯಾಡ ಅಂದರು ಅಂತಲ್ಲ. ಬಹಳ ಮಂದಿಗೆ ಯಾರೂ ಹೇಳಿಯೇ ಇಲ್ಲ.

ಬೈಸಿಕೊಂಡು ಬಂದವರೂ ತಿರುಗಿ ಹೋಗುವುದಿಲ್ಲ. ನಮ್ಮಲ್ಲೇ ಒಬ್ಬರು ಬಸುರಿ ಇದ್ದಾಗ ತಡವಾಗಿ ಹೋದರು ಅಂತ ಹತ್ತು ಮಂದಿಯ ಮುಂದೆ ಬೈಸಿಕೊಂಡರು. ‘ಇಷ್ಟು ದಿನ ಎಲ್ಲಿ ಸತ್ತಿದ್ದಿ?’ ಅಂದರಂತೆ. ಮುಂದಿನ ತಿಂಗಳು ಅವರು ಮನೆಯಲ್ಲೇ ಉಳಿದರು. ಮೂರು ಮಕ್ಕಳ ತಾಯಿಗೆ ಆ ಮಾತು ಹೇಗೆ ತಡೆದೀತು? ಈಗ ಅವರು ಒಬ್ಬರೇ ಹೋಗುವುದಿಲ್ಲ. ಓಣಿಯ ನಾಲ್ಕು ಮಂದಿ ಕೂಡಿ ಹೋಗುತ್ತಾರೆ. ನಾಲ್ಕು ಮಂದಿ ಇದ್ದರೆ ಬೈಯುವವರ ದನಿಯೂ ಇಳಿಯುತ್ತದೆ. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ದವಾಖಾನೆಗಳಲ್ಲಿ ಬಸುರಿಯರ ತಪಾಸಣೆಯ ದಿನ. 2016ರಿಂದ ನಡೆದಿದೆ. ಕೂಡಿ ಹೋಗಲು ಚಲೋ ದಿನ.

ಮತ್ತೆ ಆ ದೊಡ್ಡಿಗೆ ಬರೋಣ. ಆಶಾ ಅಕ್ಕ ಸಂಜೆ ತಿರುಗಿ ಬಂದಳು. ಈ ಸಲ ವಹಿ ತೆಗೆಯಲಿಲ್ಲ. ಕಟ್ಟೆಯ ಮೇಲೆ ಕುಳಿತಳು. “ಯವ್ವಾ, ಹೋದ ಸಲ ಎಷ್ಟು ದಿನ ಜ್ವರ ಇತ್ತು? ಯಾರು ಎತ್ತಿಕೊಂಡು ಕುಂತಿದ್ರಿ?” ಅಂತ ಕೇಳಿದಳು. ಅತ್ತೆ ಎಲ್ಲ ಹೇಳಿದಳು. ಬಹಳ ಹೊತ್ತು ಹೇಳಿದಳು. ಆಮೇಲೆ ಸೊಸೆ ಬಾಗಿಲ ಸಂದಿಯಿಂದ ಹೊರಗೆ ಬಂದಳು. ತಾಯಿ ಕಾರ್ಡು ಅವಳ ಕೈಯಲ್ಲಿತ್ತು.

“ನಾಳಿ ಎಷ್ಟು ಹೊತ್ತಿಗಿ ಬರಬೇಕು ಅಕ್ಕಾ? ಹತ್ತಿ ಬಿಡಸಲಾಕ ಹೋಗೂದು ಅದ.”

“ಎಂಟಕ್ಕ ಬಾ. ನಿನ್ನ ಕೂಸಿಗೇ ಮೊದಲು ಹಾಕ್ಸ್ತೀನಿ.”

“ಜ್ವರದ ಔಷಧ ಮರಿಬ್ಯಾಡ ಮತ್ತ,” ಅಂದಳು ಅತ್ತೆ.